ಕೊಕ್ಕರೆಗೆ ಕೊಟ್ಟ ನಡಿಗೆ

ನನ್ನ ಅಕ್ಕ ನಡೆಯುವುದನ್ನು ಕಣ್ಣಾರೆ ಕಂಡವರು ಅರಕಲಗೂಡಿನಲ್ಲಿ ಹೆಚ್ಚು ಮಂದಿ ಇಲ್ಲ. ಇಪ್ಪತ್ತು ವರ್ಷಕ್ಕೂ ಮೇಲಾಯಿತು ಅವಳು ಅಲ್ಲಿ ಬಟ್ಟೆ ಹೊಲಿಯಲು ಕೂತು. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ, ಮುಂದಿನ ಕೋಣೆಯೇ ಅಂಗಡಿ. ಆ ಬೀದಿಯ ಹೆಂಗಸರ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಆದರೆ ಅವರೆಲ್ಲ ನೋಡಿರುವುದು ಮಿಷನ್ನಿನ ಹಿಂದೆ ಕೂತ ಅಕ್ಕನನ್ನು. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಅವಳ ಎಡಗಾಲು ಬತ್ತಿಹೋಯಿತು. ಅದು ಊರಿಗೆಲ್ಲ ಗೊತ್ತಿರುವ ವಿಷಯ, ಅವಳೂ ಮುಚ್ಚಿಟ್ಟವಳಲ್ಲ. ಗೊತ್ತಿದ್ದರೆ ಇರಲಿ, ನೋಡುವುದು ಮಾತ್ರ ಬೇಡ ಎಂಬುದು ಅವಳ ಕಾನೂನು.

ಈ ಕಾನೂನಿಗೆ ತಕ್ಕಂತೆ ಅವಳು ಇಡೀ ಬದುಕನ್ನು ಕತ್ತರಿಸಿ ಹೊಲಿದುಕೊಂಡಿದ್ದಳು. ಹೊಲಿಗೆ ಕಲಿಯುವ ಹುಡುಗಿಯರು ಹತ್ತು ಗಂಟೆಗೆ ಸರಿಯಾಗಿ ಬರಬೇಕು. ಅದಕ್ಕೆ ಮೊದಲು ಬಾಗಿಲಿನ ಚಿಲಕ ತೆಗೆದಿರುವುದಿಲ್ಲ. ಅವರು ಒಳಗೆ ಬರುವ ಹೊತ್ತಿಗೆ ಅವಳು ಕೂತಾಗಿರುತ್ತದೆ, ಅವರು ಮಧ್ಯಾಹ್ನ ಊಟಕ್ಕೆ ಮನೆಗೆ ಹೊರಟ ಮೇಲೆಯೇ ಏಳುವುದು. ತರಕಾರಿ, ಹಾಲು ಎಲ್ಲ ಬೆಳಕು ಹರಿಯುವ ಮುಂಚೆ. ನೆಂಟರ ಮದುವೆಗೆ ಹೋದರೆ ಛತ್ರದಲ್ಲಿ ಇನ್ನೂ ಕುರ್ಚಿ ಬಿಚ್ಚಿ ಹಾಕುತ್ತಿರುವಾಗಲೇ ಹೋಗಿ ಗೋಡೆ ಪಕ್ಕದ ಒಂದು ಕುರ್ಚಿ ಹಿಡಿಯುತ್ತಾಳೆ. ಧಾರೆಯಾಗಿ, ಊಟವಾಗಿ, ಜನ ಕರಗಿ, ಅಡುಗೆಯವರು ಪಾತ್ರೆ ಲಾರಿಗೆ ಹಾಕುವಾಗ ಎದ್ದು ಬರುತ್ತಾಳೆ. ಮದುವೆ ಮನೆಯವರು, "ಎಷ್ಟ್ ಪ್ರೀತಿ ನೋಡು, ಮೊದ್ಲು ಬಂದು ಕಡೇಗ್ ಓಯ್ತಾಳೆ" ಎಂದು ಹೊಗಳುತ್ತಿದ್ದರು. ನನಗೆ ನಗು ಬರುತ್ತಿತ್ತು, ಅವಳಿಗೂ ಬರುತ್ತಿತ್ತು.

ನನ್ನ ಮುಂದೆ ಮಾತ್ರ ಈ ಕಾನೂನು ಇರಲಿಲ್ಲ. ಭಾನುವಾರ ಹಾಸನದಿಂದ ಬಸ್ಸು ಹತ್ತಿ ಹೋದರೆ ಅವಳು ಒಳಗಿಂದ ಹೊರಗೆ, ಹೊರಗಿಂದ ಒಳಗೆ ಓಡಾಡಿಕೊಂಡೇ ಬೈಯುತ್ತಿದ್ದಳು. ನಾನು ಮದುವೆಯಾಗದೆ ಕೂತದ್ದಕ್ಕೆ, ಅಂಗಿಯ ಗುಂಡಿ ಕಿತ್ತುಹೋದದ್ದಕ್ಕೆ, ತಿಂಗಳಿಗೆ ಎರಡೇ ಸಲ ಬಂದದ್ದಕ್ಕೆ. ಅಪ್ಪನ ಹಿಂದೆ ಅವ್ವನೂ ತೀರಿಕೊಂಡ ಮೇಲೆ ಅವಳು ಹೀಗೆ ನಡೆದಾಡುತ್ತಿದ್ದುದು ನನ್ನೊಬ್ಬನ ಮುಂದೆ. ಅದು ನನಗೆ ಸಿಕ್ಕ ದೊಡ್ಡ ಮರ್ಯಾದೆ ಎಂದು ಆಗ ಅನ್ನಿಸಿರಲಿಲ್ಲ. ಬೈಗುಳದ ಕಡೆಗಷ್ಟೇ ನನ್ನ ಗಮನವಿತ್ತು.

ಇದೆಲ್ಲ ಶುರುವಾದದ್ದು ಹೊಳೆನರಸೀಪುರದ ಶಾಲೆಯಲ್ಲಿ. ನಾವು ಹುಟ್ಟಿ ಬೆಳೆದದ್ದು ಅಲ್ಲಿಯೇ. ಅಪ್ಪ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಅಕ್ಕ ಏಳನೇ ಕ್ಲಾಸು, ನಾನು ಒಂದನೇ ಕ್ಲಾಸು. ಇಬ್ಬರ ಚೀಲವನ್ನೂ ಹೊತ್ತುಕೊಂಡು ಅವಳ ಹಿಂದೆ ಹಿಂದೆ ನಾನು ಹೋಗುತ್ತಿದ್ದೆ. ಎಡಗೈಯನ್ನು ಮಂಡಿಯ ಮೇಲ್ಗಡೆ ಊರಿ, ಮೈ ಬಾಗಿಸಿ, ಬಲಭುಜ ಎತ್ತಿ ಅವಳು ಒಂದೊಂದು ಹೆಜ್ಜೆ ಇಡುವುದನ್ನು ಹಿಂದಿನಿಂದ ನೋಡುತ್ತಾ ನೋಡುತ್ತಾ ನಾನು ಚಲನೆ ನೋಡುವುದನ್ನು ಕಲಿತೆನೋ ಏನೋ. ಆ ವರ್ಷ ವಾರ್ಷಿಕೋತ್ಸವದಲ್ಲಿ ಕಸೂತಿಗೆ ಅವಳಿಗೆ ಮೊದಲ ಬಹುಮಾನ ಬಂತು. ಹೆಸರು ಕರೆದರು. ಅವಳು ವೇದಿಕೆ ಹತ್ತಿ ನಡೆಯುವಾಗ ಹಿಂದಿನ ಸಾಲಿನ ದೊಡ್ಡ ಹುಡುಗರು ಚಪ್ಪಾಳೆ ತಟ್ಟತೊಡಗಿದರು. ಸುಮ್ಮನೆ ಅಲ್ಲ, ತಾಳಕ್ಕೆ. ಕೈ ಊರಿದಾಗ ಒಂದು, ಕಾಲು ಎಳೆದಾಗ ಒಂದು. ಸಭೆಯೆಲ್ಲ ನಗುತ್ತಿತ್ತು. ನಾನು ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದೆ. ನಮ್ಮಕ್ಕನಿಗೆ ಬಹುಮಾನ ಬಂದ ಖುಷಿಗೆ ಎಲ್ಲರೂ ತಟ್ಟುತ್ತಿದ್ದಾರೆ ಅಂದುಕೊಂಡು ನಾನೂ ಅದೇ ತಾಳಕ್ಕೆ ತಟ್ಟಿದೆ.

ವೇದಿಕೆಯ ನಡುವೆ ಅವಳು ಒಂದು ಗಳಿಗೆ ನಿಂತಳು. ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದಳು. ಆಮೇಲೆ ಹೋಗಿ ಬಹುಮಾನ ತೆಗೆದುಕೊಂಡಳು. ಅದೊಂದು ಸ್ಟೀಲ್ ಲೋಟ, ಅಂಚಿನ ಕೆಳಗೆ ಶಾಲೆಯ ಹೆಸರು ಕೊರೆಸಿದ್ದರು. ಅಂದಿನಿಂದ ಆ ಗಳಿಗೆ ಅವಳ ನಡಿಗೆಯಲ್ಲಿ ಸೇರಿಕೊಂಡುಬಿಟ್ಟಿತು. ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಾಳೆ, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಆ ಕಡೆ ಈ ಕಡೆ ಕಣ್ಣು ಹಾಯಿಸುತ್ತಾಳೆ, ಮತ್ತೆ ಹೊರಡುತ್ತಾಳೆ. ಮನೆಯೊಳಗೆ ನಾನೊಬ್ಬನೇ ಇದ್ದಾಗಲೂ ಹಾಗೆಯೇ ಮಾಡುತ್ತಿದ್ದಳು. ಅದು ಅವಳಿಗೇ ತಿಳಿದಿತ್ತೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ಲೋಟ ಮಾತ್ರ ಇಂದಿಗೂ ಮಿಷನ್ನಿನ ಪಕ್ಕದ ಸ್ಟೂಲಿನ ಮೇಲೆ ಇರುತ್ತದೆ, ಅದರಲ್ಲಿ ಕುಡಿಯುವ ನೀರು.

ನಾನು ಕಾರ್ಟೂನ್ ಕೆಲಸಕ್ಕೆ ಸೇರಿದ್ದು ಚಿತ್ರ ಬರೆಯುವ ಹುಚ್ಚಿನಿಂದ. ಬೆಂಗಳೂರಿನ ಒಂದು ಸ್ಟುಡಿಯೋದಲ್ಲಿ ಹನ್ನೊಂದು ವರ್ಷ ಕೂತು ಹೊರದೇಶದ ಕಾರ್ಟೂನುಗಳಿಗೆ ಚಿತ್ರ ಬರೆದೆ. ದೊಡ್ಡ ಕಲಾವಿದರು ಒಂದು ಚಲನೆಯ ಮೊದಲ ಚಿತ್ರವನ್ನೂ ಕೊನೆಯ ಚಿತ್ರವನ್ನೂ ಕಳಿಸುತ್ತಿದ್ದರು, ನಡುವಿನವನ್ನು ತುಂಬುವುದು ನಮ್ಮ ಪಾಲಿನ ಕೆಲಸ. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ನೋಡುವವನ ಕಣ್ಣಿಗೆ ಒಂದೂ ಬೇರೆಯಾಗಿ ಕಾಣಬಾರದು, ಕಂಡರೆ ನಾವು ತಪ್ಪು ಮಾಡಿದ್ದೇವೆ ಎಂದರ್ಥ. ಆ ಸ್ಟುಡಿಯೋದಲ್ಲಿ ಒಂದು ರೂಢಿಯಿತ್ತು. ಯಾವ ಚಲನೆಯನ್ನೂ ಬಾಯಲ್ಲಿ ವಿವರಿಸುವ ಹಾಗಿಲ್ಲ. ಕುಡಿದವನು ಮೆಟ್ಟಿಲು ಹೇಗೆ ಹತ್ತುತ್ತಾನೆ ಎಂದು ಯಾರಾದರೂ ಕೇಳಿದರೆ ಎದ್ದು ಹತ್ತಿ ತೋರಿಸಬೇಕು. ಕೂತಲ್ಲೇ ಮಾತಾಡಿದವನನ್ನು ವಾರವೆಲ್ಲ ಆಡಿಕೊಳ್ಳುತ್ತಿದ್ದರು. ಹತ್ತು ವರ್ಷ ಹೀಗೆ ಪಳಗಿದ ಮೇಲೆ ಪ್ರಶ್ನೆ ಮುಗಿಯುವ ಮುಂಚೆಯೇ ಮೈ ಎದ್ದು ನಿಂತಿರುತ್ತದೆ, ಬುದ್ಧಿ ಹಿಂದಿನಿಂದ ಬರುತ್ತದೆ.

ಆಮೇಲೆ ನಡುವಿನ ಚಿತ್ರ ತುಂಬುವ ಕೆಲಸವನ್ನು ಕಂಪ್ಯೂಟರೇ ಮಾಡತೊಡಗಿತು, ಸ್ಟುಡಿಯೋ ಮುಚ್ಚಿತು. ನಾನು ಹಾಸನಕ್ಕೆ ಬಂದು ಒಂದು ಖಾಸಗಿ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾದೆ. ರಜೆಯಲ್ಲಿ ನರ್ಸರಿ ಶಾಲೆಗಳ ಗೋಡೆಗೆ ಬಣ್ಣ. ಹಾಸನದಿಂದ ಚನ್ನರಾಯಪಟ್ಟಣದವರೆಗೆ ಗೋಡೆಗಳ ಮೇಲೆ ಓಡುತ್ತಿರುವ ಮೊಲಗಳಲ್ಲಿ ನನ್ನವೇ ಬಹಳ. ಓಡುತ್ತಿರುವಂತೆ ಬರೆದಿದ್ದೇನೆ, ಅವು ಓಡುವುದಿಲ್ಲ. ನಾಲ್ಕು ವರ್ಷ ಕೆಲಸವೆಂದು ಒಂದೇ ಒಂದು ಚಲನೆಯನ್ನೂ ನಾನು ಬರೆಯಲಿಲ್ಲ. ಕೈ ಹೋಗಿಬಿಟ್ಟಿತು ಅನ್ನುವ ಭಯದಲ್ಲಿ ಒಂದೊಂದು ದಿನ ಸ್ಟಾಫ್ ರೂಮಿನಲ್ಲಿ ಹಳೇ ನೋಟ್ ಪುಸ್ತಕದ ಮೂಲೆಗಳಲ್ಲಿ ಚೆಂಡು ಪುಟಿಯುವುದನ್ನು ಬರೆದು, ಹಾಳೆ ಸರಸರ ತಿರುವಿ ನೋಡಿಕೊಳ್ಳುತ್ತಿದ್ದೆ.

ಆ ಹೊತ್ತಿಗೆ ಹಳೇ ಸ್ಟುಡಿಯೋದ ಗೆಳೆಯನೊಬ್ಬ ಫೋನ್ ಮಾಡಿದ. ಚಳಿ ದೇಶದವರು ಮೂವರು, ಕಾರ್ಟೂನ್ ಸಿನಿಮಾ ಮಾಡುವವರು, ಹೊಸ ಸಿನಿಮಾಕ್ಕೆ ಸ್ಫೂರ್ತಿ ಹುಡುಕಿಕೊಂಡು ನಮ್ಮ ಕಡೆ ಬರುತ್ತಿದ್ದಾರೆ, ಊರೂ ಕಸುಬೂ ಎರಡೂ ಗೊತ್ತಿರುವವನು ಬೇಕಂತೆ ಎಂದ. ಅವರು ಪ್ರತಿ ಸಿನಿಮಾಕ್ಕೂ ಒಂದು ಪರದೇಶಕ್ಕೆ ಹೋಗಿ ಹತ್ತು ಹದಿನೈದು ದಿನ ಸುಮ್ಮನೆ ಅಲೆಯುತ್ತಾರಂತೆ. ನಾನು ಬದುಕಿಡೀ ಪರದೇಶದ ಕಾರ್ಟೂನು ಬರೆದವನು, ಪಾಸ್‌ಪೋರ್ಟ್ ಇಲ್ಲದವನು. ಈಗ ಅರಕಲಗೂಡೇ ಒಂದು ಪರದೇಶವಾಗಿ ಅದನ್ನು ನೋಡಲು ಜನ ವಿಮಾನ ಹತ್ತುತ್ತಿದ್ದರು. ಗೆಳೆಯ ಕೊನೆಗೆ, "ಚೆನ್ನಾಗಿ ನೋಡ್ಕೊಂಡ್ರೆ ಸಿನಿಮಾ ಕೆಲಸಕ್ಕೂ ನಿನ್ನ ತಗೋಬಹುದು ಕಣೋ, ಮನೇಲೇ ಕೂತು ಮಾಡೋದು" ಅಂದ. ಆ ಒಂದು ಮಾತು ನನ್ನನ್ನು ಕುಣಿಸಿತು. ಶಾಲೆಗೆ ರಜೆ ಹಾಕಿದೆ.

ಬಂದವರಲ್ಲಿ ಒಬ್ಬ ನಿರ್ದೇಶಕ, ಉದ್ದನೆಯ ಮನುಷ್ಯ, ಮಾತು ಕಡಿಮೆ. ಒಬ್ಬಳು ಅರವತ್ತರ ಹತ್ತಿರದ ಹೆಂಗಸು, ಪಾತ್ರಗಳ ರೂಪ ಬರೆಯುವವಳು. ಇನ್ನೊಬ್ಬ ಕ್ಯಾಮೆರಾ ಹಿಡಿದವನು. ಚನ್ನರಾಯಪಟ್ಟಣದ ಲಾಡ್ಜಿನಲ್ಲಿ ಇಳಿದುಕೊಂಡರು. ಮೊದಲ ದಿನ ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದೆ. ಬೆಟ್ಟ ನೋಡಿ ಬೆರಗಾಗುತ್ತಾರೆ, ನಾನು ವಿವರಣೆ ಕೊಡುವುದು ಎಂದು ರಾತ್ರಿಯೇ ಸಿದ್ಧ ಮಾಡಿಕೊಂಡಿದ್ದ ಇಂಗ್ಲಿಷ್ ವ್ಯರ್ಥವಾಯಿತು. ಅವರು ಬೆಟ್ಟದ ಬುಡದಲ್ಲೇ ಕೂತರು. ಬರಿಗಾಲಲ್ಲಿ ಕಾದ ಬಂಡೆಯ ಮೇಲೆ ಇಳಿಯುವವರು ಹೇಗೆ ಕಾಲು ಕಿತ್ತು ಕಿತ್ತು ಇಡುತ್ತಾರೆ, ಡೋಲಿ ಹೊರುವವರ ಮೀನಖಂಡ ಹೇಗೆ ಗಂಟು ಕಟ್ಟುತ್ತದೆ, ಅದರದ್ದೇ ಚಿತ್ರ ಎರಡು ಗಂಟೆ ಬರೆದರು. ಹಿರೀಸಾವೆಯ ಹೋಟೆಲಿನಲ್ಲಿ ಸಪ್ಲೈಯರ್ ಒಂದು ಕೈಯಲ್ಲಿ ಆರು ಲೋಟ ಹಿಡಿಯುವುದನ್ನು ಬರೆದರು. ಬಾಗೂರಿನ ಸಂತೆಯಲ್ಲಿ ಒಬ್ಬ ಅಜ್ಜಿ ಬಾಳೆಗೊನೆ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುವುದನ್ನು ಆ ಹಿರಿಯ ಹೆಂಗಸು ಹದಿನಾಲ್ಕು ಸಲ ಬರೆದಳು.

ನನಗೆ ಹೊಟ್ಟೆಯುರಿ. ಇವೆಲ್ಲ ನಾನು ದಿನಾ ನೋಡುವಂಥವು, ಒಂದನ್ನೂ ಬರೆದಿಟ್ಟವನಲ್ಲ. ಅವರ ಪುಸ್ತಕಗಳು ತುಂಬುತ್ತಿದ್ದವು, ನಾನು ಬಸ್ಸಿನ ಟೈಮು ಹೇಳುವವನಾಗಿ, ಎಳನೀರು ಕೊಚ್ಚಿಸುವವನಾಗಿ ಉಳಿದೆ. ನಾನೂ ಕಲಾವಿದ ಎಂದು ಯಾವಾಗ ಹೇಳುವುದು, ಹೇಗೆ ಹೇಳುವುದು ಎಂಬುದೇ ಚಿಂತೆ. ಹೀಗಿರುವಾಗ ನಿರ್ದೇಶಕ, ಕೈಕೆಲಸ ಮಾಡುವವರ ಕೋಣೆಯೊಂದರಲ್ಲಿ ಒಂದು ದಿನ ಪೂರ್ತಿ ಕೂರಬೇಕು ಎಂದ. ನನ್ನ ಬಾಯಿಂದ ತಕ್ಷಣ ಬಂದದ್ದು ಅಕ್ಕನ ಅಂಗಡಿ.

ಅಕ್ಕನಿಗೆ ಫೋನ್ ಮಾಡಿದೆ. ಬರುವವರು ಯಾರು, ಏನು ಮಾಡುತ್ತಾರೆ ಎಂದು ಹೇಳಿದೆ.

"ನಿನ್ ಕೆಲ್ಸಕ್ಕೆ ಅನುಕೂಲ ಆಯ್ತದೇನ್ಲಾ?" ಎಂದು ಕೇಳಿದಳು.

"ಆಗ್ಬೌದು ಅಕ್ಕ."

"ಅಂಗಾರೆ ಕರ್ಕಂಡ್ ಬಾ. ಹತ್ ಗಂಟೆಗ್ ಬರ್ಲಿ, ನಾನ್ ಕೂತಿರ್ತೀನಿ. ಏನ್ ಬರ್ಕತಾರೋ ಕೂತಂಗೇ ಬರ್ಕಳ್ಳಿ. ನಾನ್ ಏಳಾಕಿಲ್ಲ. ಗೊತ್ತಲ್ಲ ನಿಂಗೆ?"

"ಗೊತ್ತು ಅಕ್ಕ," ಎಂದೆ. ಮಾತು ಕೊಟ್ಟದ್ದು ಅಷ್ಟೇ ಸುಲಭವಾಗಿತ್ತು.

ಆ ದಿನ ಅವಳು ಒಳ್ಳೇ ಸೀರೆ ಉಟ್ಟಿದ್ದಳು. ಗೋಡೆಯ ಮೇಲಿನ ಬುದ್ಧನ ಪಟಕ್ಕೆ ಹೊಸ ಹೂವು. ನಾಲ್ಕು ಜನ ಕಲಿಯುವ ಹುಡುಗಿಯರು ಹೊಸ ಬಟ್ಟೆ ಹಾಕಿಕೊಂಡು ಬಂದು ಸೂಜಿಗೆ ದಾರ ಪೋಣಿಸಲೂ ನಾಚುತ್ತಿದ್ದರು. ಅಕ್ಕ ಮಾತ್ರ ನಾಚಲಿಲ್ಲ. ರವಿಕೆ ಕತ್ತರಿಸಿದಳು, ಗುಂಡಿಗೆ ಕಾಜ ಹಾಕಿದಳು, ಪರದೇಶದ ಹೆಂಗಸಿನ ತೆಳು ಕೋಟಿನ ಹರಿದ ಒಳಪಟ್ಟಿಯನ್ನು ನೋಡಿ, "ಬಿಚ್ಚಮ್ಮ ಇತ್ಲಾಗೆ" ಎಂದು ಸನ್ನೆ ಮಾಡಿ ಹೊಲಿದೂ ಕೊಟ್ಟಳು. ಅವರು ಅವಳ ಬೆರಳು, ಹಲ್ಲಲ್ಲಿ ದಾರ ಕಡಿಯುವ ರೀತಿ, ಕನ್ನಡಕದ ಮೇಲಿಂದ ನೋಡುವ ರೀತಿ ಎಲ್ಲವನ್ನೂ ಬರೆದರು. ಹುಡುಗಿಯರು ಮೂರು ಸಲ ಟೀ ಮಾಡಿದರು. ಅಕ್ಕ ತನ್ನ ಟೀಯನ್ನು ಪಕ್ಕದ ಹುಡುಗಿಗೆ ಕೊಟ್ಟುಬಿಡುತ್ತಿದ್ದಳು. ಮಧ್ಯಾಹ್ನ ನಾನು ಹೋಟೆಲಿನಿಂದ ಊಟ ತರಿಸಿದೆ, ಅವಳು ಎರಡು ತುತ್ತು ಒಣ ಅನ್ನ ತಿಂದು ಎಲೆ ಮಡಿಸಿದಳು. ಬಿಸಿಲಿನ ಕಾಲ, ಶೀಟಿನ ಮನೆ. ಸಾಯಂಕಾಲ ನಾಲ್ಕೂವರೆಗೆ ನಾವು ಹೊರಡುವಾಗ ನನ್ನ ಕಣ್ಣಿಗೆ ಸ್ಟೂಲಿನ ಮೇಲಿನ ಸ್ಟೀಲ್ ಲೋಟ ಬಿತ್ತು. ಅದು ತುಂಬಿತ್ತು. ಗಮನಿಸಿದೆ, ಆದರೆ ಯೋಚಿಸಲಿಲ್ಲ.

ಲಾಡ್ಜಿಗೆ ಬಂದಾಗ ಇನ್ನೂ ಬೆಳಕಿತ್ತು. ಮಹಡಿಯ ಮೇಲೆ ಕುರ್ಚಿ ಹಾಕಿಕೊಂಡು ದಿನದ ಚಿತ್ರಗಳನ್ನೆಲ್ಲ ನೆಲದ ಮೇಲೆ ಹರಡಿದರು. ಐವತ್ತಕ್ಕೂ ಹೆಚ್ಚು ಅಕ್ಕಂದಿರು. ಆ ಹಿರಿಯ ಹೆಂಗಸು ಬಗ್ಗಿ ಒಂದೊಂದನ್ನೇ ನೋಡುತ್ತಾ ಬಂದವಳು ನನ್ನ ಕಡೆ ತಿರುಗಿದಳು. ಅವಳ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ. "ಇಷ್ಟು ಚಿತ್ರದಲ್ಲಿ ಇವರು ಒಂದರಲ್ಲೂ ನಿಂತಿಲ್ಲ. ಇವರು ಎದ್ದರೆ ಹೇಗೆ ನಡೆಯುತ್ತಾರೆ?"

ನಾನು ಎದ್ದೆ.

ಆಮೇಲೆ ಎಷ್ಟೋ ಸಲ ಈ ಗಳಿಗೆಯನ್ನು ತಿರುವಿ ನೋಡಿದ್ದೇನೆ. ಕಸುಬಿನ ಅಭ್ಯಾಸ, ಮೈಯೇ ಎದ್ದಿತು ಎಂದು ನನಗೆ ನಾನೇ ವಕಾಲತ್ತು ಮಾಡಿಕೊಂಡಿದ್ದೇನೆ. ಮೊದಲ ಹೆಜ್ಜೆಗೆ ಬೇಕಾದರೆ ಆ ಮಾತು ಒಪ್ಪುತ್ತದೆ. ಎರಡನೆಯದಕ್ಕೆ ಒಪ್ಪುವುದಿಲ್ಲ. ಎಡಗೈ ಊರಿದೆ, ಮೈ ಬಾಗಿಸಿದೆ, ಬಲಭುಜ ಎತ್ತಿದೆ. ಮಹಡಿಯ ಈ ತುದಿಯಿಂದ ಆ ತುದಿಗೆ ಹೋಗಿ ತಿರುಗುವಾಗ ಮೂವರೂ ಉಸಿರು ಹಿಡಿದು ನೋಡುತ್ತಿದ್ದರು. ನಾಲ್ಕು ವರ್ಷದಲ್ಲಿ ನನ್ನ ಕೆಲಸವನ್ನು ಯಾರೂ ಹಾಗೆ ನೋಡಿರಲಿಲ್ಲ. ನಿರ್ದೇಶಕ, "ಇನ್ನೊಮ್ಮೆ, ನಿಧಾನ" ಎಂದ. ಕ್ಯಾಮೆರಾದವನು ಎದ್ದು ನಿಂತ. ನಾನು ಇನ್ನೊಮ್ಮೆ ನಡೆದೆ, ಪಕ್ಕದಿಂದ ನಡೆದೆ, ಹಿಂದಿನಿಂದ ಕಾಣುವಂತೆ ನಡೆದೆ. ಹಿರಿಯ ಹೆಂಗಸು ಬರೆದ ಚಿತ್ರದಲ್ಲಿ ಕೈ ತಡವಾಗಿತ್ತು, ನಾನೇ ಪೆನ್ನು ಇಸಕೊಂಡು ತಿದ್ದಿದೆ. "ಊರುವುದಕ್ಕೆ ಎಂಟು ಚಿತ್ರ, ಏಳುವುದಕ್ಕೆ ಹತ್ತು" ಎಂದು ಲೆಕ್ಕ ಹೇಳಿದೆ. ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. "ನಾಲ್ಕು ಹೆಜ್ಜೆಯ ಮೇಲೆ ಒಂದು ನಿಲುಗಡೆ ಇದೆ, ಅದನ್ನು ಮರೆಯಬೇಡಿ" ಎಂದು ನಾನಾಗಿಯೇ ಹೇಳಿ, ನಿಂತು, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ನೋಡಿ ತೋರಿಸಿದೆ. ಯಾಕೆ ಹಾಗೆ ನೋಡುತ್ತಾರೆ ಎಂದು ಹೆಂಗಸು ಕೇಳಿದಳು. ಅದು ಹಾಗೆಯೇ ಎಂದೆ. ಮೂವರೂ ಚಪ್ಪಾಳೆ ತಟ್ಟಿದರು. ನನಗೆ ಕಣ್ಣಲ್ಲಿ ನೀರು ಬಂತು, ಅಕ್ಕನನ್ನು ನೆನೆದು ಅಲ್ಲ, ಸಂತೋಷಕ್ಕೆ.

ಅವರು ಊರಿಗೆ ಹೋದ ಮೇಲೆ ಎರಡು ಮೇಲ್ ಬಂದವು, ಆಮೇಲೆ ನಿಂತವು. ಸಿನಿಮಾ ಕೆಲಸಕ್ಕೆ ನನ್ನನ್ನು ಕರೆಯಲಿಲ್ಲ. ಒಂದು ಪಾರ್ಸೆಲ್ಲಿನಲ್ಲಿ ಕುಂಚದಂಥ ಪೆನ್ನು ಕಳಿಸಿದ್ದರು. ಬಳಸಲು ಮನಸ್ಸಾಗದೆ ಇಟ್ಟೆ, ಮಸಿ ಒಣಗಿಹೋಯಿತು.

ಒಂದೂವರೆ ವರ್ಷದ ಮೇಲೆ ಸಿನಿಮಾ ಮೊಬೈಲಿಗೆ ಬಂತು. ಒಂದು ನದಿ, ದೋಣಿಗಳು, ಎಲ್ಲ ಪಾತ್ರಗಳೂ ಪ್ರಾಣಿ ಪಕ್ಷಿಗಳು. ಅದರಲ್ಲೊಂದು ಮುದಿ ಕೊಕ್ಕರೆ, ದೋಣಿಯ ಹಾಯಿ ಹೊಲಿಯುವವಳು, ಕನ್ನಡಕದ ಮೇಲಿಂದ ನೋಡುವವಳು. ಅವಳು ಮೊದಲ ಸಲ ಎದ್ದು ನಡೆದಾಗ ನಾನು ಫೋನನ್ನು ಮಗುಚಿ ಹಾಕಿದೆ. ಮತ್ತೆ ಎತ್ತಿ ನೋಡಿದೆ. ಇಡೀ ಸಿನಿಮಾದಲ್ಲಿ ಅದಕ್ಕಿಂತ ಚೆನ್ನಾದ ಚಲನೆ ಇರಲಿಲ್ಲ. ರೆಕ್ಕೆ ಊರುತ್ತಾಳೆ, ಬಾಗುತ್ತಾಳೆ, ಏಳುತ್ತಾಳೆ. ಎಂಟು, ಹತ್ತು. ಒಂದು ಚಿತ್ರವೂ ಬೇರೆಯಾಗಿ ಕಾಣುವುದಿಲ್ಲ. ನಾಲ್ಕು ಹೆಜ್ಜೆಗೆ ನಿಂತು ಕತ್ತು ಚಾಚಿ ಆ ಕಡೆ ಈ ಕಡೆ ನೋಡುತ್ತಾಳೆ, ಅಲ್ಲಿ ಒಂದು ತುತ್ತೂರಿಯ ಪೀಂಯ್ ಎನ್ನುವ ಸದ್ದು. ಅದು ನಗುವ ಜಾಗ. ಕೊನೆಯ ಹೆಸರುಗಳ ಸಾಲಿನಲ್ಲಿ ಕೃತಜ್ಞತೆಯ ಕೆಳಗೆ ನನ್ನದೂ ಇತ್ತು.

ಸಿನಿಮಾದವರ ಜೊತೆ ತಿರುಗಾಡಿದ್ದನ್ನು ನಾನು ಆಗಲೇ ಊರೆಲ್ಲ ಹೇಳಿಕೊಂಡಿದ್ದೆ. ಹೆಡ್ ಮಿಸ್ಸಿಗೆ ಸಿನಿಮಾದ ಹೆಸರು ಯಾರಿಂದ ತಿಳಿಯಿತೋ, ಶನಿವಾರ ಪುಟ್ಟ ಮಕ್ಕಳನ್ನೆಲ್ಲ ಸ್ಮಾರ್ಟ್ ಕ್ಲಾಸಿನಲ್ಲಿ ಕೂರಿಸಿ, "ನಮ್ಮ ಡ್ರಾಯಿಂಗ್ ಸರ್ ಇದರಲ್ಲಿದ್ದಾರೆ" ಎಂದು ಹಾಕಿಸಿದರು. ಕೊಕ್ಕರೆ ನಿಂತು ನೋಡಿದಾಗಲೆಲ್ಲ ಮಕ್ಕಳು ಬಿದ್ದು ಬಿದ್ದು ನಕ್ಕವು. ಊಟದ ಬೆಲ್ಲಾದ ಮೇಲೆ ಕಾರಿಡಾರಿನಲ್ಲಿ ಒಂದು ಸಾಲು ಮಕ್ಕಳು ಮಂಡಿಯ ಮೇಲೆ ಕೈ ಊರಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ಪೀಂಯ್ ಎಂದು ಕೂಗುತ್ತಾ ಹೋದವು. ಅದರಲ್ಲಿ ಒಂದು ಮಗು, "ಸರ್, ಸರಿಯಾಗ್ ಮಾಡ್ತಿದೀನಾ?" ಎಂದು ಕೇಳಿತು. ಆ ಮಗುವಿನದು ನಿಜಕ್ಕೂ ಸರಿಯಾಗಿತ್ತು.

ಅಕ್ಕ ನೋಡುವುದಿಲ್ಲ ಎಂದು ನನ್ನ ಧೈರ್ಯ. ಪರದೇಶದ ಸಿನಿಮಾ, ಅವಳಿಗೆಲ್ಲಿ ಸಿಗುತ್ತದೆ. ಒಂದೆರಡು ಭಾನುವಾರ ನಾನು ಅರಕಲಗೂಡಿಗೆ ಹೋಗಲಿಲ್ಲ, ಪರೀಕ್ಷೆ ಕೆಲಸ ಎಂದೆ. ಒಂದು ದಿನ ಕಲಿಯುವ ಹುಡುಗಿಯರಲ್ಲಿ ಒಬ್ಬಳು ಫೋನ್ ಮಾಡಿದಳು. "ಸಾ, ನಮ್ ಅಂಗ್ಡೀಗ್ ಬಂದಿದ್ರಲ್ಲ, ಅವ್ರ್ ಪಿಚ್ಚರ್ ಸಿಗ್ತು ಸಾ. ನಮ್ ತಮ್ಮ ಹುಡುಕ್ ಕೊಟ್ಟ. ಎಲ್ಲಾ ಮಿಷನ್ ಮೇಲೆ ಫೋನ್ ಇಟ್ಕಂಡ್ ನೋಡುದ್ವಿ. ಆ ಕೊಕ್ಕರೆ ಎಷ್ಟ್ ನಗುಸ್ತದೆ ಸಾ!" ಅವಳ ದನಿಯಲ್ಲಿ ಕುಹಕವಿರಲಿಲ್ಲ. ಅವಳು ಅಕ್ಕ ನಡೆಯುವುದನ್ನು ಯಾವತ್ತೂ ನೋಡಿರಲಿಲ್ಲವಲ್ಲ. ಅಕ್ಕ ಏನಂದಳು ಎಂದು ಕೇಳಿದೆ. "ಮಿಸ್ಸು ಏನೂ ಅನ್ನಿಲ್ಲ. ಇನ್ನೊಂದ್ ಸಲ ಹಾಕು ಅಂದ್ರು ಅಷ್ಟೇ" ಎಂದಳು.

ಆ ಭಾನುವಾರ ಹೋದೆ. ಚಿಲಕ ತೆಗೆದಿತ್ತು. ಅಕ್ಕ ಮಿಷನ್ನಿನ ಹಿಂದೆ ಕೂತಿದ್ದಳು. ಭಾನುವಾರ ಅವಳು ಹೊಲಿಯುವುದಿಲ್ಲ, ಆದರೂ ಕೂತಿದ್ದಳು. ನಾನು ಎದುರಿನ ಬೆಂಚಿನ ಮೇಲೆ ಕೂತೆ.

"ಪಿಚ್ಚರ್ ಚೆನ್ನಾಗೈತೆ ಕಣ್ಲಾ," ಎಂದಳು.

ನಾನು ನೆಲದ ಮೇಲೆ ಬಿದ್ದಿದ್ದ ಒಂದು ಬಟ್ಟೆಚೂರನ್ನು ಎತ್ತಿಟ್ಟೆ.

"ಅವ್ರು ಇಲ್ಲಿಗ್ ಬಂದಾಗ ನಾನ್ ಎದ್ದಿದ್ನಾ?"

"ಇಲ್ಲ ಅಕ್ಕ."

"ಬೆಳಿಗ್ಗೆ ಕೂತೋಳು ನೀವ್ ಓಗೋಗಂಟ ಒಂದ್ ಗುಟುಕ್ ನೀರ್ ಕುಡೀನಿಲ್ಲ ಅವತ್ತು. ಕುಡುದ್ರೆ ಒಂದಕ್ಕೆ ಎದ್ದು ಇತ್ತಲಿಗ್ ಓಗ್ಬೇಕಾಯ್ತದಲ್ಲ ಅಂತ. ಅಷ್ಟು ಸೆಕೆ, ಬಾಯೆಲ್ಲ ಒಣಗೋಗಿತ್ತು. ನಿನ್ ಕೆಲ್ಸಕ್ ಅನುಕೂಲ ಆಗ್ಲಿ ಅಂತ ಕೂತಿದ್ದೆ."

ಅವಳ ದನಿ ಏರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಕೈಯೂರಿ ನಡೆಯುವುದನ್ನು ಯಾರು ಬೇಕಾದರೂ ಊಹಿಸಿ ಬರೆಯಬಹುದಾಗಿತ್ತು ಎಂದು ಹೇಳಲು ನಾನು ಬಾಯಿ ತೆರೆದೆ. ಅವಳೇ ಮುಂದುವರಿಸಿದಳು.

"ಆ ಕಡೆ ಈ ಕಡೆ ನೋಡೋದು ನಿಂಗ್ ಬಿಟ್ರೆ ಇನ್ಯಾರಿಗ್ ಗೊತ್ತು? ಅವ್ವ ಇದ್ಲು, ಓದ್ಲು."

"ತಪ್ಪಾಯ್ತು ಅಕ್ಕ," ಎಂದೆ. ಆಮೇಲೆ, ಯಾಕೆಂದು ತಿಳಿಯದು, ಇಷ್ಟು ವರ್ಷ ಹೇಳದೆ ಇಟ್ಟುಕೊಂಡಿದ್ದೂ ಹೊರಗೆ ಬಂತು. "ಅವತ್ತು ಸ್ಕೂಲಲ್ಲೂ ನಾನು ಚಪ್ಪಾಳೆ ತಟ್ಟಿದ್ದೆ ಅಕ್ಕ. ಅವ್ರ ಜೊತೆ."

"ಗೊತ್ತು," ಎಂದಳು. "ನಿಂತ್ಕಂಡ್ ಆ ಕಡೆ ಈ ಕಡೆ ನೋಡುದ್ನಲ್ಲ, ಆಗ್ಲೇ ಕಂಡೆ ನಿನ್ನ. ಆಗ ನೀನು ಕೂಸು."

ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಹಾಕಿಕೊಂಡಳು. ಯಾವುದೋ ರವಿಕೆಯ ತೋಳನ್ನು ಎಳೆದುಕೊಂಡು ಹೊಲಿಗೆ ಬಿಚ್ಚತೊಡಗಿದಳು.

"ಒಳಗ್ ಮುದ್ದೆ ಐತೆ, ಸೊಪ್ಪಿನ್ ಸಾರೈತೆ. ಬಡಿಸ್ಕಂಡ್ ಉಣ್ಣು ಓಗು," ಎಂದಳು.

ಅವಳ ಮನೆಯಲ್ಲಿ ಅದುವರೆಗೆ ನಾನು ತಟ್ಟೆ ಮುಟ್ಟಿದವನಲ್ಲ. ಅಡುಗೆ ಕೋಣೆಯಲ್ಲಿ ಒಬ್ಬನೇ ಕೂತು ಉಂಡೆ. ಈಗ ಬರುತ್ತಾಳೆ, ಈಗ ಬಂದು ಇಷ್ಟೇ ಏನ್ಲಾ ಉಣ್ಣೋದು ಎಂದು ಬೈಯುತ್ತಾಳೆ ಎಂದು ಕಾದೆ. ತಟ್ಟೆ ತೊಳೆದಿಟ್ಟು ಹೊರಗೆ ಬಂದಾಗ ಅವಳು ಅಲ್ಲೇ ಕೂತಿದ್ದಳು. ಸಂಜೆಯ ಬಸ್ಸಿನ ಹೊತ್ತಿನವರೆಗೆ ಅದೂ ಇದೂ ಮಾತಾಡಿದೆವು. ಮಿಷನ್ನಿಗೆ ಹೊಸ ಬೆಲ್ಟು ಬೇಕು ಎಂದಳು, ಮುಂದಿನ ಸಲ ತರುತ್ತೇನೆ ಎಂದೆ. ಬಾಗಿಲವರೆಗೆ ಬರಲಿಲ್ಲ, "ಓಗ್ಬಾ" ಎಂದು ಕೂತಲ್ಲಿಂದಲೇ ಹೇಳಿದಳು. ಕೋಪ, ಒಂದು ವಾರದಲ್ಲಿ ಇಳಿಯುತ್ತದೆ ಎಂದುಕೊಂಡು ಬಸ್ಸು ಹತ್ತಿದೆ.

ಕೋಪವಾಗಿರಲಿಲ್ಲ ಅದು. ಮುಂದಿನ ವಾರ ಬೆಲ್ಟು ತೆಗೆದುಕೊಂಡು ಹೋದೆ, ನಾನೇ ಹಾಕಿಕೊಟ್ಟೆ, ಅಕ್ಕ ನಕ್ಕು ಮಾತಾಡಿದಳು. ಅಂಗಿಯ ಗುಂಡಿ ನೋಡಿ ಬೈದಳು, ಬಿಚ್ಚಿಸಿಕೊಂಡು ಹೊಲಿದಳು. ಎಲ್ಲವೂ ಮೊದಲಿನ ಹಾಗೆಯೇ. ಏಳಲಿಲ್ಲ, ಅಷ್ಟೇ. ಅದರ ಮುಂದಿನ ವಾರವೂ ಏಳಲಿಲ್ಲ. ಈಗ ವರ್ಷವಾಗುತ್ತಾ ಬಂತು.

ಮೊದಲೆಲ್ಲ ಭಾನುವಾರ ಬೆಳಿಗ್ಗೆ ಹೋದರೆ ಕತ್ತಲಾಗುವವರೆಗೆ ಇರುತ್ತಿದ್ದೆ. ಈಗ ಅರ್ಧ ಗಂಟೆಗೇ ಎದ್ದು, ಬಸ್ಸಿದೆ ಎಂದು ಹೊರಟುಬಿಡುತ್ತೇನೆ. ಇನ್ನಷ್ಟು ಹೊತ್ತು ಇರು ಎಂದು ಅವಳೂ ಹೇಳುವುದಿಲ್ಲ. ಅವಳ ಪಕ್ಕದ ಸ್ಟೂಲಿನ ಮೇಲೆ ಲೋಟ ತುಂಬಿರುತ್ತದೆ, ನಾನು ಇರುವಷ್ಟು ಹೊತ್ತೂ ಅವಳು ನೀರು ಕುಡಿಯುವುದಿಲ್ಲ.